ಯಜ್ಞನಾರಾಯಣರ ರೈಫಲ್ಲಿಗೆ ತೆಂಗಿನೆಣ್ಣೆ

ಸೊಳ್ಳೆ ಹೊಡೆಯಲಿಕ್ಕೂ ಎರಡು ಸಲ ಯೋಚಿಸುವ ಯಜ್ಞನಾರಾಯಣರಿಗೆ ಬಂದೂಕಿನ ಹುಚ್ಚು ಹೇಗೆ ಹತ್ತಿತೋ ನಾನರಿಯೆ. ಕಾಸರಗೋಡಿನವರು, ಕೊಚ್ಚಿಯ ಕೋರ್ಟಿನಲ್ಲಿ ನನ್ನ ಪಕ್ಕದ ಮೇಜಿನ ಗುಮಾಸ್ತರು. ೧೯೬೧ರಲ್ಲಿ ತಿರುವನಂತಪುರದಲ್ಲಿ ದಂಡಿನ ಹಳೇ ಸಾಮಾನು ಹರಾಜಾದಾಗ ಒಂದು ರೈಫಲ್ ಕೊಂಡು, ಲೈಸೆನ್ಸ್ ಮಾಡಿಸಿ, ಮಟ್ಟಾಂಚೇರಿಯ ಬಾಡಿಗೆಮನೆಗೆ ತಂದರು. ಆಮೇಲೆ ಮದ್ದು ತುಂಬುವ ಎರಡು ಹಳೇ ಕೋವಿಗಳೂ ಬಂದವು. ಒಂದರಿಂದಲೂ ಗುಂಡು ಹಾರಿಸಿದವರಲ್ಲ.

"ಮತ್ತೆ ಇದೆಲ್ಲ ಎಂತಕ್ಕೆ?" ಎಂದು ಕೆಣಕಿದೆ. ರೈಫಲ್ಲಿನ ಹಿಡಿಯನ್ನು ನನ್ನ ಕೆನ್ನೆಗೆ ಆನಿಸಿದರು. ಅಲ್ಲಿ ಮರ ಸವೆದು ನುಣುಪಾಗಿತ್ತು. ಪಕ್ಕದ ಹಿತ್ತಾಳೆ ಬಿಲ್ಲೆಯ ಮೇಲೆ ೧೪೭ ಎಂಬ ನಂಬರು.

"ಯಾರೋ ಸಿಪಾಯಿ ವರ್ಷಗಟ್ಟಲೆ ಇಲ್ಲಿ ಕೆನ್ನೆ ಇಟ್ಟಿದ್ದಾನೆ ಮಾರಾಯ್ರೆ. ಅವನದ್ದು ಅಂತ ಉಳಿದದ್ದು ಇಷ್ಟೇ."

ಪ್ರತಿ ಭಾನುವಾರ, ಗುಂಡು ತುಂಬಲು ಹಿಂದೆಮುಂದೆ ಎಳೆಯುವ ಬೋಲ್ಟು ಬಿಚ್ಚಿ, ಒರೆಸಿ, ಬಂದೂಕಿನ ಎಣ್ಣೆ ಹಾಕುತ್ತಿದ್ದರು. ಕೊಚ್ಚಿಯ ಉಪ್ಪುಗಾಳಿಯಲ್ಲಿ ಹತ್ತು ವರ್ಷ ಒಂದು ಚುಕ್ಕೆ ತುಕ್ಕು ಹಿಡಿಯಲು ಬಿಡಲಿಲ್ಲ.

ಎಪ್ಪತ್ತೊಂದರಲ್ಲಿ ಮೂರು ತಿಂಗಳು ಅವರನ್ನು ತಿರುವನಂತಪುರದ ಕೆಲಸಕ್ಕೆ ಕಳಿಸಿದರು. ಹಿಂದಿರುಗಿದ ದಿನವೇ ಲೈಸೆನ್ಸ್ ಕಚೇರಿಯ ಕಾಗದ ಕಾದಿತ್ತು: ಗುಂಡು ಹಾರಿಸಬಲ್ಲ ದಂಡಿನ ರೈಫಲನ್ನು ಒಪ್ಪಿಸಬೇಕು, ಅದನ್ನು ತುಂಡರಿಸಲಾಗುವುದು, ಕೆಟ್ಟುಹೋದದ್ದಾದರೆ ಇಟ್ಟುಕೊಳ್ಳಬಹುದು. ಪರೀಕ್ಷೆ ಮರುದಿನವೇ, ಮನೆಗೇ ಬಂದು.

"ಚೆಂದ ನೋಡಿಕೊಂಡದ್ದೇ ತಪ್ಪಾಯಿತು" ಎಂದರು. ಬೇಕೆಂದು ಕೆಡಿಸಲು ಮನಸ್ಸು ಬರಲಿಲ್ಲ. ರೈಫಲ್ ಇಟ್ಟ ಪೆಟ್ಟಿಗೆ ತೆರೆಯಲೂ ಇಲ್ಲ.

ಮರುದಿನ ಬೆಳಿಗ್ಗೆ ಧೈರ್ಯಕ್ಕೆಂದು ನಾನೂ ಹೋಗಿದ್ದೆ. ಇನ್ಸ್‌ಪೆಕ್ಟರು ಬೋಲ್ಟು ಎಳೆದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಯಜ್ಞನಾರಾಯಣರು ಬೆಪ್ಪಾಗಿ ಹೆಂಡತಿ ಸುಶೀಲಕ್ಕನ ಮುಖ ನೋಡಿದರು.

"ನೀವಿರಲಿಲ್ಲ ಅಲ್ವಾ, ಆಯುಧಪೂಜೆಗೆ ನಾನೇ ಗಂಧ ಕುಂಕುಮ ಮೆತ್ತಿದೆ" ಎಂದರು ಸುಶೀಲಕ್ಕ. "ತುಕ್ಕು ಹಿಡಿಯಬಾರದು ಅಂತ ವಾರವಾರ ಎಣ್ಣೆಯೂ ಹೊಯ್ದೆ. ನಿಮ್ಮ ಆ ವಾಸನೆ ಎಣ್ಣೆಯಲ್ಲ. ಒಳ್ಳೇ ತೆಂಗಿನೆಣ್ಣೆ."

ಗಂಧ, ಕುಂಕುಮ, ಕಮಟು ಎಣ್ಣೆ ಎಲ್ಲ ಸೇರಿ ಒಳಗೆ ಅಂಟುಗಟ್ಟಿತ್ತು. ಇನ್ಸ್‌ಪೆಕ್ಟರು 'ಉಪಯೋಗಕ್ಕೆ ಬಾರದು' ಎಂದು ಬರೆದು ಸಹಿ ಹಾಕಿದರು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ? ಈ ಪುಣ್ಯಾತ್ಮ, "ಸಾರ್, ಸೀಮೆಎಣ್ಣೆಯಲ್ಲಿ ನೆನೆಸಿದರೆ ಬಿಡುತ್ತದೆ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಇನ್ಸ್‌ಪೆಕ್ಟರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. "ನಾನು ಬರೆದದ್ದು ಈಗ ನಿಜ. ಅದನ್ನು ಸುಳ್ಳು ಮಾಡದಿರುವುದು ನಿಮ್ಮ ಕೈಯಲ್ಲಿದೆ" ಎಂದು ಮಲಯಾಳದಲ್ಲಿ ಹೇಳಿ ಹೊರಟರು.

ಅಲ್ಲಿಂದ ಮುಂದೆ ಭಾನುವಾರ ಬಟ್ಟೆ ಹಿಡಿದು ಕೂತರೆ ಮರ ಒರೆಸುತ್ತಿದ್ದರು, ಬಿಲ್ಲೆ ಒರೆಸುತ್ತಿದ್ದರು. ಕೈ ಬೋಲ್ಟಿನ ತನಕ ಹೋಗಿ ನಿಲ್ಲುತ್ತಿತ್ತು. ಅಲ್ಲಿ ತುಕ್ಕು ಏಳುತ್ತಿರುವುದು ನನಗೇ ಕಾಣುತ್ತಿತ್ತು. ನೋಡಿ ಸಂಕಟವಾಗುತ್ತಿತ್ತು.

ಮರುವರ್ಷ ನವಮಿಗೆ ಸುಶೀಲಕ್ಕ ಹೆದರಿ ರೈಫಲ್ಲಿನ ಹತ್ತಿರವೂ ಸುಳಿಯಲಿಲ್ಲ. ಯಜ್ಞನಾರಾಯಣರೇ ಅಡುಗೆಮನೆಯಿಂದ ತೆಂಗಿನೆಣ್ಣೆಯ ಬಾಟಲಿ ತಂದು ಹೆಂಡತಿಯ ಕೈಗಿಟ್ಟು, ಮುಖ ಆಚೆ ತಿರುಗಿಸಿ ನಿಂತರು.