ಹದಿನಾರು ಮಂಚಮ್ಮ

ನಂಜನಗೂಡು, ತಿ. ನರಸೀಪುರ ಎರಡೂ ತಾಲೂಕು ಸೇರಿಸಿದರೆ ಮಂಚಮ್ಮನಿಗೆ ಮುನ್ನೂರಕ್ಕೂ ಹೆಚ್ಚು ಗಂಡಂದಿರು. ಅವರಲ್ಲಿ ಪಂಚಾಯಿತಿ ಮೆಂಬರುಗಳಿದ್ದರು, ಹಾಲಿನ ಡೇರಿ ಸೆಕ್ರೆಟರಿಗಳಿದ್ದರು, ಇಬ್ಬರು ಹೆಡ್‌ಮಾಸ್ತರರಿದ್ದರು, ಒಬ್ಬ ಸರ್ವೆಯರ್ ಇದ್ದ. ಎಲ್ಲರೂ ತಲೆಗೆ ಕಿರೀಟ ಇಟ್ಟುಕೊಂಡು ಒಂದು ದಿನದ ಮಟ್ಟಿಗೆ ಆಕೆಯ ಕೈಹಿಡಿದವರೇ. ಕವಲಂದೆಯಲ್ಲಂತೂ ಒಂದೇ ನಾಟಕದಲ್ಲಿ ಮೂವರು. ರಾಜನ ಪಾರ್ಟು ತನಗೇ ಬೇಕೆಂದು ಮೂರು ಜನ ಹಟ ಹಿಡಿದಿದ್ದರಿಂದ ಮದುವೆಗೊಬ್ಬ, ರಾಜ್ಯಭಾರಕ್ಕೊಬ್ಬ, ಯುದ್ಧಕ್ಕೊಬ್ಬ ಎಂದು ಹಂಚಿಕೊಟ್ಟಿದ್ದರು. ಮದುವೆಯಾದವನು ಕಡ್ಡಿಯ ಹಾಗಿದ್ದ, ಯುದ್ಧಕ್ಕೆ ಹೊರಟವನು ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಮಂಚಮ್ಮ ಮಾತ್ರ ಯಾರಿಗೂ ಭೇದಭಾವ ಮಾಡದೆ ಮೂವರ ಎದೆಗೂ ಒರಗಿ ಕಣ್ಣೀರು ಹಾಕಿದ್ದಳು.

ಅಸಲಿ ಗಂಡ ಚೆಲುವರಾಜು ಗೂಡ್ಸ್ ಆಟೋ ಓಡಿಸುತ್ತಾನೆ. ರಾಣಿಯನ್ನು ಟ್ರಂಕಿನ ಸಮೇತ ಆಟೋದಿಂದ ಇಳಿಸಿ, ಉಳಿದ ಗಂಡಂದಿರ ಕೈಗೆ ಒಪ್ಪಿಸಿ, ಆಟೋದಲ್ಲೇ ಕಾಲು ಮಡಚಿ ಮಲಗುವುದು ಆತನ ಪಾಲಿಗೆ ಬಂದ ಕೆಲಸ. ಮೂವತ್ತೊಂದು ವರ್ಷದಲ್ಲಿ ಆತ ಒಂದು ನಾಟಕವನ್ನೂ ಪೂರ್ತಿ ನೋಡಿಲ್ಲ. ಅದೇ ಅವರ ಸಂಸಾರ ನೆಟ್ಟಗಿರುವುದಕ್ಕೆ ಕಾರಣ ಎಂದು ಮಂಚಮ್ಮ ಹೇಳುತ್ತಾಳೆ.

ಈ ಸೀಮೆಯ ಗಂಡಸರಿಗೆ ಒಂದು ಕಾಯಿಲೆ ಇದೆ. ವಯಸ್ಸು ಐವತ್ತು ದಾಟಿ ಕೈಯಲ್ಲಿ ಸ್ವಲ್ಪ ಕಾಸು ಆಡತೊಡಗಿದರೆ ಸಾಕು, ಹುಟ್ಟಿದ್ದಕ್ಕೆ ಒಂದು ಸಲವಾದರೂ ರಾಜನಾಗಬೇಕು ಅನ್ನಿಸಿಬಿಡುತ್ತದೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಯಾವುದಾದರೂ ಛತ್ರದಲ್ಲಿ ಮೂರು ತಿಂಗಳು ಪ್ರಾಕ್ಟೀಸ್ ಮಾಡುತ್ತಾರೆ. ಸ್ತ್ರೀ ಪಾತ್ರಕ್ಕೆ ಮಾತ್ರ ಮನೆಯ ಹೆಂಗಸರನ್ನು ಬಿಡುವುದಿಲ್ಲ. ಅದಕ್ಕೆ ಹೊರಗಿನಿಂದ ಕಲಾವಿದೆ ಬರಬೇಕು. ಆ ಹೊರಗಿನವಳು ಮಂಚಮ್ಮ. ಖರ್ಚು ಉಳಿಯಲಿ ಎಂದು ರಾಣಿ, ಸಖಿ, ಮಲತಾಯಿ, ಕೊನೆಯಲ್ಲಿ ಪ್ರತ್ಯಕ್ಷವಾಗುವ ದೇವಿ, ನಾಲ್ಕನ್ನೂ ಆಕೆಯ ತಲೆಗೇ ಕಟ್ಟುತ್ತಾರೆ. ಆಕೆ ಪ್ರಾಕ್ಟೀಸಿಗೆ ಬರುವುದಿಲ್ಲ, ನಾಟಕದ ದಿನವೇ ಬರುತ್ತಾಳೆ. ಇಡೀ ನಾಟಕ ಆಕೆಯ ಬಾಯಲ್ಲಿದೆ, ರಾಜನ ಪಾರ್ಟೂ ಸೇರಿ.

ಅದು ಇರಲೇಬೇಕು. ಮೂರು ತಿಂಗಳು ಉರು ಹೊಡೆದ ರಾಜರು ಕಣ್ಣಿಗೆ ಫೋಕಸ್ ಲೈಟ್ ಬಿದ್ದ ಕೂಡಲೇ ತಮ್ಮ ತಂದೆಯ ಹೆಸರನ್ನೂ ಮರೆಯುತ್ತಾರೆ. ಆಗ ರಾಣಿ ನಾಚಿಕೊಂಡು ರಾಜನ ಭುಜಕ್ಕೆ ತಲೆ ಒರಗಿಸುತ್ತಾಳೆ. ಎಂಥ ಪ್ರೇಮ ಎಂದು ಜನ ಲೊಚಗುಟ್ಟುತ್ತಾರೆ. ಪ್ರೇಮವೂ ಇಲ್ಲ, ಮಣ್ಣೂ ಇಲ್ಲ. ಮಂಚಮ್ಮ ತುಟಿ ಅಲ್ಲಾಡಿಸದೆ ಮುಂದಿನ ಮಾತು ಪಿಸುಗುಟ್ಟುತ್ತಿರುತ್ತಾಳೆ. ಆತ ಅದನ್ನೇ ಗಟ್ಟಿಯಾಗಿ ಕೂಗಿ ಚಪ್ಪಾಳೆ ಗಿಟ್ಟಿಸುತ್ತಾನೆ, ಭಾವಮೈದ ಬಂದು ಸ್ಟೇಜಿನ ಮೇಲೇ ಹಾರ ಹಾಕುತ್ತಾನೆ.

ಈ ವರ್ಷ ಮಂಚಮ್ಮನಿಗೆ ಐವತ್ತೆಂಟು ತುಂಬಿತು. ವಯಸ್ಸಾದ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ ಎಂದು ಮಗಳು ಪಲ್ಲವಿ ಅರ್ಜಿ ತುಂಬಿಸಿದಳು. ಮೊಣಕಾಲು ಬೇರೆ ಹಿಡಿದುಕೊಳ್ಳುತ್ತಿತ್ತು; ದೇವಿಯಾಗಿ ಪ್ರತ್ಯಕ್ಷವಾಗುವುದಕ್ಕೆ ಸ್ಟೂಲು ಹತ್ತಲು ಇಬ್ಬರು ರಾಕ್ಷಸರು ಕೈ ಕೊಡಬೇಕಾಗಿತ್ತು. ಮಂಚಮ್ಮ ಮೂವತ್ತೊಂದು ವರ್ಷದ ಕರಪತ್ರಗಳನ್ನೆಲ್ಲ ಟ್ರಂಕಿನಿಂದ ತೆಗೆದು ಚೀಲಕ್ಕೆ ತುಂಬಿಕೊಂಡು ಮೈಸೂರಿನ ಆಫೀಸಿಗೆ ಹೋದಳು. ಗುಮಾಸ್ತ ಒಳ್ಳೆಯ ಮನುಷ್ಯ, ಒಂದೊಂದನ್ನೇ ತಿರುವಿ ನೋಡಿದ. ಎಲ್ಲದರ ಕೆಳಗೂ ಒಂದೇ ಸಾಲು. ‘ಸ್ತ್ರೀ ಪಾತ್ರಗಳು: ಮೈಸೂರಿನ ಕಲಾವಿದೆಯರು.’

“ಇದ್ರಲ್ಲಿ ನಿಮ್ಮ ಹೆಸರು ಎಲ್ಲಿದೆಯಮ್ಮ?”

“ಆ ಕಲಾವಿದೆಯರು ಅಂತ ಆಕವ್ರಲ್ಲ ಸಾ, ಅದು ನಾನೇಯ.”

“ನೀವು ಒಬ್ರು. ಊರು ಹದಿನಾರು ಅಂತ ಬರ್ದಿದೀರ. ಇಲ್ಲಿ ಮೈಸೂರು ಅಂತಿದೆ, ಕಲಾವಿದೆಯರು ಅಂತಿದೆ. ಹೆಸರಿರೋ ಒಂದೇ ಒಂದು ಕರಪತ್ರ ತನ್ನಿ, ಮುಂದಕ್ಕೆ ಕಳಿಸ್ತೀನಿ.”

ಒಂದೇ ಒಂದು. ಮಂಚಮ್ಮ ನೆಟ್ಟಗೆ ನಂಜನಗೂಡಿನ ಗುರುಪ್ರಸಾದ್ ಅವರ ಗೊಬ್ಬರದ ಅಂಗಡಿಗೆ ಬಂದಳು. ಗುರುಪ್ರಸಾದ್ ಹವ್ಯಾಸಿ ನಾಟಕ ಮಂಡಳಿಯ ಅಧ್ಯಕ್ಷರು, ಆದ್ದರಿಂದ ಖಾಯಂ ರಾಜ. ‘ವಜ್ರಸೇನ ವಿಜಯ’ ಎಂಬ ಅವರ ನಾಟಕದಲ್ಲಿ ಮಂಚಮ್ಮ ಒಂಬತ್ತು ಸಲ ರಾಜಕುಮಾರಿ ಕಾಂತಿಮತಿಯಾಗಿ ಅವರನ್ನು ವರಿಸಿದ್ದಳು. ಹತ್ತನೆಯದು ಬರುವ ಭಾನುವಾರ ಕಲಾಭವನದಲ್ಲಿ ಇತ್ತು.

“ಸಾವ್ಕಾರ್ರೆ, ಈ ಸಲ ನನ್ನೆಸ್ರು ಆಕುಸ್ಬುಡಿ.”

ಗುರುಪ್ರಸಾದ್ ಯೂರಿಯಾ ಮೂಟೆಗೆ ಒರಗಿ ನಕ್ಕರು. “ರಾಜಕುಮಾರಿ ಕಾಂತಿಮತಿ, ಬ್ರಾಕೆಟ್ಟಲ್ಲಿ ಮಂಚಮ್ಮ! ಜನ ನಗ್ತಾರೆ ಕಣಮ್ಮ. ಮೈಸೂರು ಕಲಾವಿದೆಯರು ಅಂದ್ರೆ ಅದ್ಕೊಂದು ತೂಕ ಇರ್ತದೆ.”

“ನೀವು ಭಾಷಣ ಮಾಡುವಾಗ ರಂಗಮಂಚ, ರಂಗಮಂಚ ಅಂತೀರಲ್ಲ, ಆ ಮಂಚಕ್ಕೆ ಯಾರೂ ನಗಾಕಿಲ್ಲ. ಮಂಚಮ್ಮ ಅಂದ್ರೆ ಯಾಕ್ ನಗ್ತರೆ?”

ಗುರುಪ್ರಸಾದ್ ಅವರಿಗೆ ಉತ್ತರ ಹೇಳಿಕೊಡುವವಳೇ ಈ ಸಲ ಎದುರಿಗೆ ನಿಂತಿದ್ದಳು. ಕಾಫಿ ತರಿಸಿ, ಕರಪತ್ರ ಆಗಲೇ ಪ್ರಿಂಟಿಗೆ ಹೋಯಿತು ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಕಿರೀಟಧಾರಿ ಗುರುಪ್ರಸಾದ್ ಆಳೆತ್ತರ ನಿಂತಿದ್ದರು. ಕೆಳಗೆ ದ್ವಾರಪಾಲಕರ ಹೆಸರಿತ್ತು, ಸೀನರಿಯವರ ಹೆಸರಿತ್ತು, ಪ್ಲಾಸ್ಟಿಕ್ ಕುರ್ಚಿ ಕೊಟ್ಟವನ ಹೆಸರೂ ಇತ್ತು. ಮಂಚಮ್ಮ ಅದನ್ನು ಎರಡು ಸಲ ಓದಿದಳು. ಕುರ್ಚಿಯವನ ಹೆಸರು ನೋಡಿ ಆಕೆಗೆ ಹೊಟ್ಟೆ ಉರಿಯಿತು, ಅಲ್ಲೇ ನಿಂತು ಅತ್ತೇಬಿಟ್ಟಳು. ಹೋಗುವುದೇ ಬೇಡ ಅಂದುಕೊಂಡಳು. ಹಾರ್ಮೋನಿಯಂ ಮೇಷ್ಟ್ರು ಶಿವಮಲ್ಲಪ್ಪ ಫೋನ್ ಮಾಡಿ ಗೋಗರೆದರು. “ನೀನ್ ಬರ್ಲಿಲ್ಲ ಅಂದ್ರೆ ಆವಯ್ಯ ಬಾಯೇ ಬುಡಾಕಿಲ್ಲ ಕಣವ್ವ. ನಾನು ಬೆಳಿಗ್ಗೆಯಿಂದ ಸಾಯಂಕಾಲದ ಗಂಟ ಬರೀ ಪೆಟ್ಗೆ ಬಾರುಸ್ತಾ ಕೂರ್ಬೇಕಾಯ್ತದೆ.” ಮೇಷ್ಟ್ರ ಮುಖ ನೋಡಿ ಹೋದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಲಾಭವನ ತುಂಬಿತ್ತು. ಬಣ್ಣದ ಕೋಣೆಯಲ್ಲಿ ಸೌಂಡಿನ ದೀಪಕ್ ಬಂದು ಮಂಚಮ್ಮನ ಕಾಸಿನ ಸರದ ಒಳಗೆ ಹುರುಳಿಕಾಳಿನಷ್ಟು ದೊಡ್ಡ ಮೈಕೊಂದನ್ನು ಸಿಕ್ಕಿಸಿದ. ಮೊದಲೆಲ್ಲ ಸ್ಟೇಜಿನ ಮೇಲಿಂದ ಮೈಕುಗಳು ನೇತಾಡುತ್ತಿದ್ದವು, ಮಾತಾಡುವವರು ಅವುಗಳ ಕೆಳಗೆ ಓಡಿ ಬಂದು ಕೂಗುತ್ತಿದ್ದರು. ತಮ್ಮ ಕಂಠ ಚೆನ್ನಾಗಿ ಕೇಳಲಿ ಎಂದು ಗುರುಪ್ರಸಾದ್ ಈ ಸಲ ಕಾಲರ್ ಮೈಕು ತರಿಸಿದ್ದರು.

“ಇದ್ರಾಗೆ ಮೆಲ್ಲುಗ್ ಮಾತಾಡುದ್ರೂ ಕೇಳ್ತದಾ?” ಮಂಚಮ್ಮ ಕೇಳಿದಳು.

“ಉಸಿರು ಬಿಟ್ರೂ ಕೇಳುತ್ತೆ ಕಣಕ್ಕ. ಪರದೆ ಎದ್ದಾಗಿಂದ ಆನ್ ಇರುತ್ತೆ.”

ಮಂಚಮ್ಮ ಓಡಿಹೋಗಿ ಗುರುಪ್ರಸಾದ್ ಅವರ ಮುಂದೆ ನಿಂತಳು. ಅವರು ಮೊಬೈಲುಗಳಿಗೆ ಗದೆ ಹಿಡಿದು ಪೋಸ್ ಕೊಡುತ್ತಿದ್ದರು. “ಸಾವ್ಕಾರ್ರೆ, ಒಂದ್ ಮಾತು...” ಎನ್ನುವಷ್ಟರಲ್ಲಿ ಅವರು ಕೈ ಬೀಸಿದರು. “ಮತ್ತೆ ನಿನ್ ಹೆಸರಿನ ವಿಚಾರನಾ? ಆಮೇಲೆ, ಆಮೇಲೆ.” ಆಮೇಲೆ ಎಂದವರಿಗೆ ಆಮೇಲೆಯೇ ಆಗಲಿ ಎಂದು ಮಂಚಮ್ಮ ಬಾಯಿ ಮುಚ್ಚಿಕೊಂಡಳು.

ಮೊದಲ ದೃಶ್ಯ ಉದ್ಯಾನವನ. ವಜ್ರಸೇನ ಹಾಡುತ್ತಾ ಬಂದ, ಭಾವಮೈದನಿಂದ ಹಾರ ಹಾಕಿಸಿಕೊಂಡ, ಕಾಂತಿಮತಿಯನ್ನು ಕಂಡು ಬೆರಗಾದ. ಆ ಬೆರಗಿನಲ್ಲೇ ನಿಂತುಬಿಟ್ಟ. ಹಣೆಯ ಬಣ್ಣ ಬೆವರಿನಲ್ಲಿ ಇಳಿಯತೊಡಗಿತು. ಮೂವತ್ತೊಂದು ವರ್ಷದ ಅಭ್ಯಾಸ; ಮಂಚಮ್ಮ ಯೋಚನೆ ಮಾಡುವುದರೊಳಗೆ ಬಾಯಿ ಕೆಲಸ ಮಾಡಿತ್ತು.

“‘ಇದೇನು, ಚಂದಿರನು ಧರೆಗಿಳಿದನೇ’ ಅನ್ನಿ ಸಾವ್ಕಾರ್ರೆ.”

ಎಂಟು ಸ್ಪೀಕರುಗಳಲ್ಲಿ ಅದು ಕಪಿಲಾ ಹೊಳೆಯ ಆಚೆ ದಡಕ್ಕೂ ಕೇಳಿತು. ಮುಂದಿನ ಬೆಂಚು ಕಿಸಕ್ಕೆಂದಿತು. ಗುರುಪ್ರಸಾದ್ ಅವರಿಗೆ ಭಯದಲ್ಲಿ ಏನೂ ಕೇಳಿಸಲಿಲ್ಲ. ಮಾತು ಸಿಕ್ಕಿದ ಸಂತೋಷದಲ್ಲಿ ಗರ್ಜಿಸಿದರು. “ಇದೇನು! ಚಂದಿರನು ಧರೆಗಿಳಿದನೇ!”

“ನಾನ್ ಈ ಕಡೆ ಅವ್ನಿ. ಅಲ್ಲಿರದು ಕಂಬ.”

ಕಲಾಭವನ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು, “ಯಮ್ಮೋ, ಆವಯ್ಯನ ಪಾರ್ಟೂ ನೀನೇ ಏಳ್ಬುಡು!” ದೀಪಕ್ ಗುಂಡಿ ಒತ್ತಲು ಕೈ ಚಾಚಿದ. ಆಕೆಯ ಮೈಕು ನಿಂತರೆ ರಾಣಿಯೂ ಮೂಕಿಯಾಗುತ್ತಾಳೆ. ಶಿವಮಲ್ಲಪ್ಪ ಮೇಷ್ಟ್ರು ಕಣ್ಣಲ್ಲೇ ಬೇಡ ಎಂದರು, ಮೀಸೆಯೊಳಗೆ ನಗುತ್ತಾ.

ಈಗ ಗುರುಪ್ರಸಾದ್ ಅವರಿಗೂ ವಿಷಯ ತಿಳಿಯಿತು. ರಾಜನ ಬಾಯಿ ಪೂರ್ತಿ ಕಟ್ಟಿತು. ಮಂಚಮ್ಮನಿಗೆ ಅಯ್ಯೋ ಅನ್ನಿಸಿತು. ಒಂಬತ್ತು ಸಲ ತಾಳಿ ಕಟ್ಟಿದ ಮನುಷ್ಯ. ಹೇಳಿಕೊಟ್ಟರೆ ಇನ್ನೂ ಮರ್ಯಾದೆ ಹೋಗುತ್ತದೆ, ಹೇಳಿಕೊಡದಿದ್ದರೆ ನಾಟಕವೇ ನಿಲ್ಲುತ್ತದೆ. ರಾಜನ ಮುಂದಿನ ಮಾತು ಯಾವುದೆಂದು ನೆನೆಸಿಕೊಂಡಳು. ನೆನಪಾಯಿತು. ಈ ಸಲ ಪಿಸುಗುಟ್ಟಲಿಲ್ಲ, ತುಟಿ ಅಲ್ಲಾಡಿಸಿಯೇ ಹೇಳಿದಳು.

“ನನ್ನೆಸ್ರು ಕೇಳಿ ಸಾವ್ಕಾರ್ರೆ.”

“ಎಲೈ ಸುಂದರಿ,” ಎಂದರು ಗುರುಪ್ರಸಾದ್, “ನಿನ್ನ ನಾಮಧೇಯವೇನು?”

ಮಣಿಪುರದ ಅರಸನ ಮಗಳು ಕಾಂತಿಮತಿ ಎಂದು ಹೇಳಬೇಕಾಗಿತ್ತು. ರಾಜಕುಮಾರಿ ಸೆರಗು ಸರಿಮಾಡಿಕೊಂಡು, ಗ್ರಂಥದ ಕನ್ನಡದಲ್ಲಿ, ಒಂದು ಅಕ್ಷರವೂ ನುಂಗದೆ ಹೇಳಿದಳು. “ಮಂಚಮ್ಮ ಎಂಬುದೇ ನನ್ನ ನಾಮಧೇಯ, ಪ್ರಭು.”

ಇಡೀ ನಾಟಕದಲ್ಲಿ ಗುರುಪ್ರಸಾದ್ ಅವರಿಗೆ ಯಾರ ಸಹಾಯವೂ ಇಲ್ಲದೆ ಬರುತ್ತಿದ್ದ ಮಾತು ಒಂದೇ, ಇದರ ಮುಂದಿನದು. ಅದು ತಾನಾಗಿಯೇ ಹೊರಬಂತು. “ಆಹಾ! ಕಿವಿಗೆ ಅಮೃತವೆರೆದಂಥ ಹೆಸರು!”

ಕಲಾಭವನದ ತಗಡು ಹಾರಿಹೋಗುವ ಹಾಗೆ ಜನ ಕೂಗಿದರು. “ಒನ್ಸ್ ಮೋರ್! ಒನ್ಸ್ ಮೋರ್!” ಒನ್ಸ್ ಮೋರ್ ಬಂದರೆ ಆಡಿದ್ದನ್ನೇ ಆಡಬೇಕು, ಅದು ಇಲ್ಲಿಯ ಪದ್ಧತಿ, ರಾಜನಾದರೂ ಮೀರುವಂತಿಲ್ಲ. ಗುರುಪ್ರಸಾದ್ ಒಮ್ಮೆ ಜನರನ್ನು ನೋಡಿದರು, ಒಮ್ಮೆ ಆಕೆಯನ್ನು ನೋಡಿದರು. ಯಾರೂ ಹೇಳಿಕೊಡದೆಯೇ ಕೇಳಿದರು. “ಎಲೈ ಸುಂದರಿ, ನಿನ್ನ ನಾಮಧೇಯವೇನು?”

“ಮಂಚಮ್ಮ, ಪ್ರಭು. ಮೈಸೂರಲ್ಲ, ಹದಿನಾರು.”

ಐವತ್ತೆಂಟರ ಹೆಂಗಸಿನ ಬಾಯಲ್ಲಿ ಹದಿನಾರು ಎಂದು ಕೇಳಿ ಜನ ಇನ್ನೊಂದು ಸುತ್ತು ನಕ್ಕರು. ಹದಿನಾರು ಗ್ರಾಮದಿಂದ ಬಂದಿದ್ದವರು ಎದ್ದು ನಿಂತು ಶಿಳ್ಳೆ ಹೊಡೆದರು. ಶಬ್ದಕ್ಕೆ ಎಚ್ಚರವಾಗಿ ಆಟೋದಿಂದ ಇಳಿದು ಬಂದ ಚೆಲುವರಾಜು, ಭಾವಮೈದನ ಕೈಯಲ್ಲಿ ಉಳಿದಿದ್ದ ಹಾರ ಕಿತ್ತುಕೊಂಡು ಹೋಗಿ ಹೆಂಡತಿಯ ಕೊರಳಿಗೆ ಹಾಕಿದ.

ಮೊಬೈಲಿನಲ್ಲಿ ಹಿಡಿದವರು ಊರೂರಿಗೆ ಹಂಚಿದರು. ಮುಂದಿನ ತಿಂಗಳು ನರಸೀಪುರದಲ್ಲಿ ಅದೇ ನಾಟಕ, ಕೇಳಿದವರೆಲ್ಲ ಮಂಚಮ್ಮ ಬರುತ್ತಾಳಾ ಎಂದೇ ಕೇಳುತ್ತಿದ್ದರು. ಗುರುಪ್ರಸಾದ್ ಸೋತು ಪ್ರಿಂಟಿನವನಿಗೆ ಫೋನಿನಲ್ಲಿ ಬರೆಸಿದರು. “ಸ್ತ್ರೀ ಪಾತ್ರಗಳು, ಹದಿನಾರು ಮಂಚಮ್ಮ.” ಆತನಿಗೆ ಈ ಕಡೆಯ ಊರುಗಳ ಪರಿಚಯ ಇರಲಿಲ್ಲ. ಕೇಳಿದ್ದನ್ನು ಹಾಗೆಯೇ ಅಂಕಿಯಲ್ಲಿ ಹಾಕಿದ.

ಮಂಚಮ್ಮ ಆ ಕರಪತ್ರವನ್ನು ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಆಫೀಸಿಗೆ ಹೋದಳು. ಗುಮಾಸ್ತ ಕನ್ನಡಕ ಏರಿಸಿ ಓದಿದ. ‘ಸ್ತ್ರೀ ಪಾತ್ರಗಳು: 16 ಮಂಚಮ್ಮ.’

“ಇಲ್ಲಿ ಹದಿನಾರು ಜನ ಮಂಚಮ್ಮ ಇದಾರಲ್ಲಮ್ಮ,” ಎಂದ. “ಇದ್ರಲ್ಲಿ ನೀವು ಯಾರು?”

ಮಂಚಮ್ಮ ರಾಣಿಯನ್ನು ನೆನೆಸಿಕೊಂಡಳು, ಸಖಿಯನ್ನು, ಮಲತಾಯಿಯನ್ನು, ಸ್ಟೂಲಿನ ಮೇಲಿನ ದೇವಿಯನ್ನು. ಬಾಯಿ ಕಟ್ಟಿ ನಿಂತ ಅಷ್ಟೂ ಜನ ರಾಜರನ್ನು ನೆನೆಸಿಕೊಂಡಳು.

“ಅದ್ನಾರೂ ನಾನೇ ಕಣಪ್ಪ,” ಎಂದಳು. “ಬರ್ಕೊ.”