ಒದ್ದೆ ಸೊಪ್ಪಿನ ಅಮಲು

ನಮ್ಮ ಪ್ರಯೋಗಾಲಯದ ಇಲಿಗಳಿಗೆ ರಜೆಯುಂಟು. ಒಂದು ದಿನ ನಿಕೋಟಿನ್ ಚುಚ್ಚಿಸಿಕೊಂಡ ಇಲಿ ಮುಂದಿನ ಕೆಲವು ದಿನ ಹೊಟ್ಟೆ ತುಂಬ ತಿಂದು, ಹೊಟ್ಟಿನ ಹಾಸಿಗೆಯ ಮೇಲೆ ಮಲಗಿ ಸುಧಾರಿಸಿಕೊಳ್ಳಬೇಕು. ಯಾವ ಇಲಿಗೆ ಎಷ್ಟು ಮದ್ದು, ಅದಕ್ಕೆ ಸಂಕಟವಾದರೆ ಗುರುತಿಸುವುದು ಹೇಗೆ, ನಿಲ್ಲಿಸುವುದು ಯಾವಾಗ ಎಂದೆಲ್ಲ ನಾನು ಮೊದಲೇ ಬರೆದುಕೊಟ್ಟು ಸಮಿತಿಯೊಂದರ ಒಪ್ಪಿಗೆ ಪಡೆಯಬೇಕು. ನಗಬೇಡಿ, ಅದು ನ್ಯಾಯವೇ. ತಲೆಬುರುಡೆಗೆ ಕೂದಲೆಳೆಯಂಥ ತಂತಿ ಕೂರಿಸಿಕೊಂಡು ತೂಕಡಿಸುವ ಇಲಿಯ ಮಿದುಳಿನ ವಿದ್ಯುತ್ತು ಪರದೆಯ ಮೇಲೆ ಕೆರೆಯ ಅಲೆಯ ಹಾಗೆ ಅಗಲವಾಗಿ, ನಿಧಾನವಾಗಿ ಏಳುತ್ತಿರುತ್ತದೆ. ಮದ್ದು ಏರಿದ ಸ್ವಲ್ಪ ಹೊತ್ತಿಗೆ ಆ ಅಲೆಗಳು ಚದುರಿ, ಕುಗ್ಗಿ, ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟಿಸುತ್ತವೆ. ನೋಡುವ ಕಣ್ಣಿಗೆ ಇಲಿ ಎಷ್ಟೋ ಸಲ ಮೊದಲಿನ ಹಾಗೆಯೇ ಮುದುಡಿ ಕುಳಿತಿರುತ್ತದೆ. ಮೈ ಹೇಳದ್ದನ್ನು ಗೆರೆ ಹೇಳುತ್ತದೆ. ಮಾತು ಕಡಿಮೆಯಾದ ನನಗೆ ಈ ಕೆಲಸ ಹಿಡಿಸಿದ್ದೂ ಅದಕ್ಕೇ.

ಆ ಮದ್ದು ಬೆಳೆಯುವುದು ನಮ್ಮ ಹೊಲದಲ್ಲಿ. ಹಾರನಹಳ್ಳಿಯ ಕಡೆ ಮಳೆಗಾಲದಲ್ಲಿ ಸೊಪ್ಪು ಎಂದರೆ ಹೊಗೆಸೊಪ್ಪು. ಎಲೆಯನ್ನು ಬುಡದಿಂದ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನು ಎಂಬ ಮುಚ್ಚಿದ ಕೋಣೆಯ ಬಿಸಿಯಲ್ಲಿ ಒಣಗಿಸುತ್ತೇವೆ. ಅರ್ಧ ತುಂಬಿದ ಬ್ಯಾರನ್ನಿಗೆ ಬೆಂಕಿ ಹಾಕುವಂತಿಲ್ಲ, ಒಂದೇ ದಿನದಲ್ಲಿ ತುಂಬಬೇಕು. ಹೀಗಾಗಿ ಹೆಂಗಸರು ಬೆಳಕು ಹರಿಯುತ್ತಲೇ ಸಾಲಿಗಿಳಿದು, ಇಬ್ಬನಿಯಲ್ಲಿ ತೊಯ್ದ ಎಲೆಗಳನ್ನು ಎದೆಗವಚಿಕೊಂಡು ನಡೆಯುತ್ತಾರೆ. ನಿಕೋಟಿನ್ ಆ ನೀರಿನೊಡನೆ ಅವರ ಚರ್ಮಕ್ಕಿಳಿಯುತ್ತದೆ. ಇದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಬೇಡ.

ಈ ಸಲ ನಾನು ಊರಿಗೆ ಹೋದ ದಿನ, ಕೂಲಿಯ ಹೆಂಗಸರಿಗೆ ಮುಂದಾಳಾದ ಕೆಂಪಮ್ಮನ ಹೊಸ ಸೊಸೆ ಮಂಗಳಾ ಸಾಲಿನ ನಡುವೆಯೇ ಕುಸಿದು ವಾಂತಿ ಮಾಡಿಕೊಂಡಳು. ಕೆಂಪಮ್ಮ ಸೊಸೆ ಬಸುರಿಯೆಂದು ಸಾರಿಯೇಬಿಟ್ಟಳು. ಅವಳನ್ನು ಹೊಂಗೆಮರದ ನೆರಳಲ್ಲಿ ಕೂರಿಸಿ ಎಲ್ಲರ ಕೈಗೂ ಬೆಲ್ಲ ಕೊಟ್ಟಳು. ಅಪ್ಪನೂ ಬೆಲ್ಲ ತಿಂದರು. ನಾನು ಅವರನ್ನು ಬದಿಗೆ ಕರೆದು, ಇದು ಬಸಿರಲ್ಲ, ಎಲೆಯ ಅಮಲು, ಇಬ್ಬನಿ ಆರಿದ ಮೇಲೆ ಮುರಿಸಿದರೆ ಆದೀತು ಎಂದೆ.

“ಇಲಿಗಾದ್ರೆ ರಜಾ ಕೊಡ್ಬೋದು ಕಣವ್ವ,” ಎಂದರು ಅಪ್ಪ. “ಬ್ಯಾರನ್ನು ಯಾರ್ ತುಂಬ್ತಾರೆ?”

ಬಸಿರು ಸುಳ್ಳಾದ ದಿನ ಮಾತು ಕೇಳಬೇಕಾದವಳು ಮಂಗಳಾ. ಅದಕ್ಕೆ ಕೆಂಪಮ್ಮನಿಗಾದರೂ ಹೇಳೋಣವೆಂದು ಹೋದೆ. ಅವಳು ಕೈಯ ಕಪ್ಪು ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ವಿಜ್ಞಾನವನ್ನು ಪೂರ್ತಿ ಕೇಳಿಸಿಕೊಂಡಳು.

“ನಂಗೊತ್ತಿಲ್ವಾ, ಬುಡವ್ವ. ಮದ್ವೆಯಾಗಿ ಬಂದಾಗಿಂದ ಮುರೀತಾ ಇವ್ನಿ. ಅಮಲು ಅಂದ್ರೆ ನೀರು ಕುಡ್ದು ಏಳು ಅಂತಾರೆ, ಬಸುರಿ ಅಂದ್ರೆ ನೆಳ್ಳಲ್ಲಿ ಕೂರುಸ್ತಾರೆ. ನಂಗೂ ತಲೆ ಸುತ್ತುತಾ ಅದೆ. ಈ ವಯಸ್ಸಲ್ಲಿ ನಾನೇನಂತ ಹೇಳ್ಕಳ್ಳಿ?”

ಇಷ್ಟು ನಿಖರವಾದ ಪ್ರಶ್ನೆಯನ್ನು ನನ್ನ ಪರೀಕ್ಷಕರೂ ಕೇಳಿರಲಿಲ್ಲ. ಮರುದಿನ ಎರಡನೆಯ ಬ್ಯಾರನ್ನಿನ ಸರದಿ. ಕೆಂಪಮ್ಮನನ್ನು ಸೊಸೆಯ ಪಕ್ಕ ಕೂರಿಸಿ ಅವಳ ಸಾಲುಗಳನ್ನು ನಾನು ಹಿಡಿದೆ. ಎಲೆ ತಣ್ಣಗೆ, ಅಂಟಂಟಾಗಿ ತೋಳಿಗೆ ಮೆತ್ತಿಕೊಂಡಿತು. ಹೊತ್ತೇರುವಷ್ಟರಲ್ಲಿ ಕಣ್ಣು ಕತ್ತಲಿಟ್ಟು, ಮದುವೆಯಾಗದ, ಓದಿದ, ಹೊಲದ ಯಜಮಾನರ ಒಬ್ಬಳೇ ಮಗಳು ಎಲ್ಲರೆದುರು ಬದುವಿನ ಮೇಲೆ ಕುಕ್ಕರಿಸಿ ವಾಂತಿ ಮಾಡಿಕೊಂಡಳು.

ಹೆಂಗಸರು ಒಮ್ಮೆ ನನ್ನನ್ನು, ಒಮ್ಮೆ ಅಪ್ಪನನ್ನು ನೋಡಿದರು.

“ಅಮಲು ಕಣ್ರವ್ವ,” ಎಂದರು ಅಪ್ಪ, ಪಕ್ಕದ ಹೊಲಕ್ಕೂ ಕೇಳುವಂತೆ. “ಒದ್ದೆ ಸೊಪ್ಪು ಮುಟ್ಟುದ್ರೆ ಯಾರಿಗಾದ್ರೂ ಅಂಗೇ ಆಯ್ತದೆ. ಇನ್ಮೇಲೆ ಇಬ್ಬನಿ ಆರೋಗಂಟ ಯಾರೂ ಸಾಲಿಗೆ ಇಳೀಬ್ಯಾಡಿ.”

ಮುಂದಿನ ಸಲ ಸೊಪ್ಪು ಮುರಿಯುವ ದಿನ, ಬಿಸಿಲು ಏರುವವರೆಗೆ ಅವರೆಲ್ಲ ಬದುವಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಅವರ ನಡುವೆ ಮಂಗಳಾಳೂ ಇದ್ದಳು, ಬಸುರಿಯಾಗದೆಯೇ.