ಮದುವೆ ಮನೆಗೆ ಬೇಡವಾದ ಅಳು

ಹೋದ ವಾರ ಚಾಮರಾಜಪೇಟೆಯ ಛತ್ರವೊಂದರಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ನಡೆಯುತ್ತಿತ್ತು. ವಿಡಿಯೋದವನು, "ಮೇಡಂ, ಫೋಕಸ್ ಆಗ್ಲಿಲ್ಲ, ಇನ್ನೊಂದ್ಸಲ ಅಳಿ" ಅಂದ. ಮದುಮಗಳು ಪಾಪ, ನಗು ತಡೆದುಕೊಂಡು ಅತ್ತಳು. ಎಲ್ಲರೂ ನಕ್ಕರು. ನನಗೆ ಚಿಕ್ಕಪ್ಪ ನೆನಪಾಗಿ ಊಟ ಸೇರಲಿಲ್ಲ. ಒಬ್ಬಟ್ಟು ಬಿಟ್ಟೇಳುವ ಪೈಕಿ ಅಲ್ಲ ನಾನು, ನಂಬಿ.

ಮಲ್ಲೇಶ್ವರದ ನಮ್ಮ ಚಿಕ್ಕಪ್ಪ ಕಾಲೇಜಿನಲ್ಲಿ ರಷ್ಯನ್ ಕಲಿಸುತ್ತಿದ್ದರು. ಹರೆಯದಲ್ಲಿ ಆ ದೇಶದ ಉತ್ತರದ ಹಳ್ಳಿಗಳಲ್ಲಿ ಅಲೆದು, ಅಲ್ಲಿಯವರ ಆಡುಮಾತು, ಆಚಾರಗಳನ್ನು ಅಭ್ಯಾಸ ಮಾಡಿ ಬಂದವರು. ಒಂದು ಹಳ್ಳಿಯಲ್ಲಿ ಮದುವೆಗೆ ಮುಂಚೆ ಹೆಣ್ಣು ದಿನಗಟ್ಟಲೆ ಹಾಡಿಕೊಂಡು ಅಳಬೇಕಂತೆ. ಆ ಹಾಡು ಬಲ್ಲವಳು ಒಬ್ಬಳೇ ಅಜ್ಜಿ. ಎದುರಿಗೆ ವಧು ಇಲ್ಲದೆ ಬಾಯಿ ಬಿಡೆನೆಂದು ಅವಳ ಹಠ. ಕೊನೆಗೆ ಮೀಸೆ ಹೊತ್ತ ಚಿಕ್ಕಪ್ಪನೇ ತಲೆಗೆ ಶಾಲು ಹೊದ್ದು ವಧುವಾಗಿ ಕೂತರು. ಹಾಗೆ ಅವಳ ಹಾಡು ರೆಕಾರ್ಡ್ ಆಗಿ ಸಿಕ್ಕಿದ್ದು ಒಂದೇ ಕ್ಯಾಸೆಟ್. ಆಮೇಲೆ ಅಜ್ಜಿ ಹೋದಳು. ತೊಂಬತ್ತರ ದಶಕದಲ್ಲಿ ಹಳ್ಳಿಯೂ ಖಾಲಿಯಾಯಿತು.

ಸಂಜೆ ಅದನ್ನು ಹಾಕಿದರೆ ಸಾಕು, ಅಡುಗೆಮನೆಯಿಂದ ಚಿಕ್ಕಮ್ಮ, "ದೀಪ ಹಚ್ಚೋ ಹೊತ್ನಲ್ಲಿ ಸಾವಿನ ಹಾಡು ಯಾಕ್ರೀ?"

"ಮದುವೆ ಹಾಡು ಕಣೇ."

"ಮದುವೇಲಿ ಯಾರ್ರೀ ಹೀಗೆ ಬಾಯಿ ಬಡ್ಕೋತಾರೆ?"

ಚಿಕ್ಕಪ್ಪನ ಮಗಳ ಮದುವೆಯಾಯಿತು. ಅದಾದ ಮೇಲೆ ಒಂದು ಸಂಜೆ, ನಾನೂ ಅಲ್ಲೇ ಇದ್ದೆ, ಚಿಕ್ಕಪ್ಪ ಕ್ಯಾಸೆಟ್ ಹಾಕಿದರೆ ಓಲಗ ಬಂತು. ತಿರುಗಿಸಿ ಹಾಕಿದರು. ನಮ್ಮ ಹೆಂಗಸರ ಸೋಬಾನೆ.

"ಅದರ ಮೇಲೇ ರೆಕಾರ್ಡ್ ಮಾಡಿಸ್ಬಿಟ್ಟೆ ಕಣ್ರೀ," ಅಂದರು ಚಿಕ್ಕಮ್ಮ, ಸ್ವಲ್ಪ ಹೆದರಿಯೇ. "ಮಗು ಹೊಸ ಬಾಳು ಶುರು ಮಾಡ್ತಿದಾಳೆ, ಆ ಅಳು ಮನೇಲಿರೋದು ಬೇಡ ಅನ್ನಿಸ್ತು."

ಚಿಕ್ಕಪ್ಪ ರೇಗಲಿಲ್ಲ. ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾಯಿಪಾಠವಿದೆಯಲ್ಲ ಎಂಬ ಧೈರ್ಯದಲ್ಲಿ ದಿನಾ ಸಂಜೆ ತಾವೇ ಹಾಡತೊಡಗಿದರು. ಮೇಷ್ಟರ ಗಂಟಲು, ರಾಗ ಅಷ್ಟಕ್ಕಷ್ಟೆ. ಬರಬರುತ್ತಾ ಹಾಡಿನೊಳಗೆ ನಮ್ಮ ಸೋಬಾನೆಯ ಧಾಟಿ ನುಸುಳಿತು. ಒಂದು ದಿನ ನಡುವೆಯೇ ನಿಲ್ಲಿಸಿದರು.

"ಅಜ್ಜಿದು ಎಷ್ಟು, ನಾನು ಸೇರಿಸಿದ್ದೆಷ್ಟು, ನಂಗೇ ಗೊತ್ತಾಗ್ತಿಲ್ಲ ಕಣೋ. ಸುಳ್ಳು ಹಾಡ್ತಿದೀನಿ."

ಮತ್ತೆ ಹಾಡಲಿಲ್ಲ. ಕ್ಲಾಸಿಗೆ ಹೋಗುವುದನ್ನೂ ಬಿಟ್ಟರು. ಈಗ ಅವರೂ ಇಲ್ಲ.

ಛತ್ರದಿಂದ ನಡೆದು ಬರುತ್ತಾ ಆ ಹಾಡನ್ನು ನೆನಪಿಸಿಕೊಳ್ಳಲು ನೋಡಿದೆ. ಎಷ್ಟು ಸಂಜೆ ಕೇಳಿದ್ದೆ, ಅಯ್ಯೋ! ಒಂದು ಸಾಲೂ ಬರಲಿಲ್ಲ. ಆ ಊರಿನ ಹೆಣ್ಣುಮಕ್ಕಳು ಹೇಗೆ ಅಳುತ್ತಿದ್ದರು ಎಂದು ಹೇಳಬಲ್ಲವರು ಇನ್ನು ಈ ಭೂಮಿಯ ಮೇಲೆ ಯಾರೂ ಇಲ್ಲ.